ಪೆಡಲ್ ಒತ್ತಿದಷ್ಟೂ ಬಲ ಕಮ್ಮಿ

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಮೂಡಿಗೆರೆ ಕಡೆ ಹನ್ನೆರಡು ಎಕರೆ ಕಾಫಿ ತೋಟ. ಹೋದ ವರ್ಷ ಸೆಕೆಂಡ್ ಹ್ಯಾಂಡ್‌ನಲ್ಲಿ 25 ಎಚ್‌ಪಿಯ ಚಿಕ್ಕ ಟ್ರ್ಯಾಕ್ಟರ್ ಒಂದನ್ನು ತಗೊಂಡೆ. ಮುಂದೆ ಲೋಡರ್ ಇದೆ. ಹೈಡ್ರೋಸ್ಟಾಟಿಕ್ ಗಾಡಿ, ಕ್ಲಚ್ ತುಳಿದು ಗೇರ್ ಹಾಕೋ ತಾಪತ್ರಯ ಇಲ್ಲ ಅಂತ ಹೇಳಿ ಕೊಟ್ಟರು. ಈಗ ಗೊಬ್ಬರದ ಗುಡ್ಡೆಗೆ ಬಕೆಟ್ ನುಗ್ಗಿಸಿ ಪೆಡಲ್ ಪೂರ್ತಿ ಒತ್ತಿದರೆ ಎಂಜಿನ್ ಗೊರಗೊರ ಅಂದು ಆಫ್ ಆಗುತ್ತೆ. ಕಣದಿಂದ ಮೇಲಿನ ತೋಟಕ್ಕೆ ಏರು ಹತ್ತುವಾಗಲೂ ಇದೇ ಗೋಳು. ಲಿವರನ್ನು ಆಮೆ ಚಿತ್ರದ ಕಡೆ ಹಾಕಿದರೆ ಹತ್ತುತ್ತೆ, ಆದರೆ ಇರುವೆ ಹರಿದ ಹಾಗೆ ಹೋಗುತ್ತೆ. ಡ್ರೈವರ್ ಹುಡುಗ ಮೊದಲು ಜೆಸಿಬಿ ಓಡಿಸುತ್ತಿದ್ದವನು. 'ಪಂಪ್ ಹೋಗಿದೆ ಅಣ್ಣಾ' ಅಂತಾನೆ. ಪಂಪ್ ಬಿಚ್ಚಿಸಲಾ? ಲೋಡರ್ ಕೆಲಸಕ್ಕೆ ಸರಿಯಾದ ಸ್ಪೀಡು ಎಷ್ಟು?
— ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಉತ್ತರ: ಬಿಚ್ಚಿಸಬೇಡಿ ಯಜಮಾನ್ರೇ. ಪಂಪ್ ಸವೆದು ಹೋಗಿದ್ದರೆ ಎಂಜಿನ್ ಆಫ್ ಆಗುತ್ತಿರಲಿಲ್ಲ. ಅದು ತನ್ನ ಪಾಡಿಗೆ ಓಡುತ್ತಾ ಇರುತ್ತಿತ್ತು, ಗಾಡಿ ಮಾತ್ರ ನಿಂತಲ್ಲೇ ನಿಂತಿರುತ್ತಿತ್ತು. ನಿಮ್ಮ ಪಂಪು ಎಂಜಿನ್ನನ್ನೇ ಅದುಮಿ ಕೂರಿಸುವಷ್ಟು ಗಟ್ಟಿಯಾಗಿದೆ. ತೊಂದರೆ ಇರೋದು ಹುಡುಗನ ಕಾಲಿನಲ್ಲಿ. ಅವನದೂ ತಪ್ಪಲ್ಲ, ಅದು ಜೆಸಿಬಿ ಕಲಿಸಿದ ಅಭ್ಯಾಸ. ಅಲ್ಲಿ ಗುಡ್ಡೆ ಗಟ್ಟಿ ಬಂತು ಅಂದರೆ ಆಕ್ಸಿಲರೇಟರ್ ಒತ್ತಬೇಕು, ಒತ್ತಿದಷ್ಟೂ ಎಂಜಿನ್ ಏರುತ್ತೆ, ಗಾಡಿ ಇನ್ನಷ್ಟು ನೂಕುತ್ತೆ. ಅದೇ ಕಾಲು ನಿಮ್ಮ ಗಾಡಿಗೆ ಬಂದು ಕೂತಿದೆ.

ನಿಮ್ಮ ಗಾಡಿಯ ಪೆಡಲ್ ಆಕ್ಸಿಲರೇಟರ್ ಅಲ್ಲವೇ ಅಲ್ಲ. ಇದೊಂದು ತಲೆಗೆ ಹೋದರೆ ಮಿಕ್ಕಿದ್ದೆಲ್ಲ ಸುಲಭ. ಎಂಜಿನ್ ಒಂದು ಪಂಪನ್ನು ತಿರುಗಿಸುತ್ತೆ, ಪಂಪು ಆಯಿಲನ್ನು ಒತ್ತಡದಲ್ಲಿ ಒಂದು ಮೋಟಾರಿಗೆ ಕಳಿಸುತ್ತೆ, ಆ ಮೋಟಾರು ಚಕ್ರ ಉರುಳಿಸುತ್ತೆ. ಪಂಪಿನ ಒಳಗೆ ಓರೆಯಾಗಿ ವಾಲುವ ಒಂದು ತಟ್ಟೆ ಇದೆ. ನೀವು ಪೆಡಲ್ ಒತ್ತಿದಾಗ ಆ ತಟ್ಟೆ ವಾಲುತ್ತೆ, ಅಷ್ಟೇ. ಸ್ವಲ್ಪ ವಾಲಿದರೆ ಒಂದು ಸುತ್ತಿಗೆ ಸ್ವಲ್ಪ ಆಯಿಲ್ ಹೋಗುತ್ತೆ, ಗಾಡಿ ನಿಧಾನ, ಬಲ ಜಾಸ್ತಿ. ಪೂರ್ತಿ ವಾಲಿದರೆ ಆಯಿಲ್ ಜಾಸ್ತಿ, ಸ್ಪೀಡು ಜಾಸ್ತಿ, ಬಲ ಕಮ್ಮಿ. ಅಂದರೆ ಪೆಡಲ್ ಪೂರ್ತಿ ಒತ್ತೋದು ಟಾಪ್ ಗೇರ್ ಹಾಕಿದ ಹಾಗೆ, ಕಾಲು ಸಡಿಲಿಸೋದು ಫಸ್ಟ್ ಗೇರಿಗೆ ಇಳಿದ ಹಾಗೆ. ಉಜಿರೆಯಿಂದ ಕೊಟ್ಟಿಗೆಹಾರಕ್ಕೆ ಚಾರ್ಮಾಡಿ ಘಾಟಿ ಹತ್ತುವ ಬಸ್ಸಿನಲ್ಲಿ ಕೂತಿದ್ದೀರಲ್ವಾ? ತಿರುವು ಕಂಡ ಕೂಡಲೇ ಡ್ರೈವರ್ ಗೇರ್ ಇಳಿಸುತ್ತಾನೆ. ಟಾಪ್ ಗೇರಿನಲ್ಲೇ ಹತ್ತಿಸ್ತೀನಿ ಅಂತ ಹಟ ಹಿಡಿದರೆ ಬಸ್ಸು ಅಲ್ಲೇ ಗೊರಗೊರ ಅಂದು ನಿಲ್ಲುತ್ತೆ. ನಿಮ್ಮ ಹುಡುಗ ಮಾಡುತ್ತಿರೋದು ಇದನ್ನೇ.

ಹಾಗಾದರೆ ಎಂಜಿನ್ ಏರಿಸೋದು ಹೇಗೆ? ಕೈಯಲ್ಲಿ. ಸ್ಟೇರಿಂಗ್ ಪಕ್ಕದಲ್ಲಿ ಹ್ಯಾಂಡ್ ಆಕ್ಸಿಲರೇಟರ್ ಇರುತ್ತೆ ನೋಡಿ. ಕೆಲಸ ಶುರು ಮಾಡುವ ಮೊದಲೇ ಅದನ್ನು ಎಳೆದು 2000 ಆರ್‌ಪಿಎಂ ಆಸುಪಾಸಿಗೆ ಬಿಟ್ಟುಬಿಡಿ. ಡೀಸೆಲ್ ಉಳಿಸೋಕೆ ಅಂತ 1200ರಲ್ಲಿ ಇಟ್ಟುಕೊಂಡು ಗುಡ್ಡೆಗೆ ನುಗ್ಗುವವರು ತುಂಬಾ ಜನ. ಇಂಥ ಚಿಕ್ಕ ಎಂಜಿನ್‌ಗಳು ಪೂರ್ತಿ ಬಲ ಕೊಡೋದು 2500ರ ಆಚೆಗೆ, 1200ರಲ್ಲಿ ಅವಕ್ಕೆ ಉಸಿರೇ ಇರೋಲ್ಲ. ಇನ್ನೊಂದು ವಿಷಯ. ಲೋಡರ್ ತೋಳು ಎತ್ತುವ ಪಂಪ್ ಬೇರೆ, ಅದಕ್ಕೆ ವಾಲುವ ತಟ್ಟೆ ಗಿಟ್ಟೆ ಏನೂ ಇಲ್ಲ. ಎಂಜಿನ್ ಎಷ್ಟು ಸುತ್ತುತ್ತೋ ಅಷ್ಟೇ ಆಯಿಲ್ ಕೊಡುತ್ತೆ. ಹಾಗಾಗಿ ಆರ್‌ಪಿಎಂ ಕಮ್ಮಿ ಇದ್ದರೆ ಬಕೆಟ್ ಏಳೋದೂ ನಿಧಾನ, ಆಗ ಬಕೆಟ್ ಏಳುವ ಮೊದಲೇ ಗಾಡಿ ಗುಡ್ಡೆಗೆ ಹೋಗಿ ಮುಖ ಹಚ್ಚಿಕೊಂಡು ನಿಂತುಬಿಡುತ್ತೆ.

ಗುಡ್ಡೆಗೆ ನುಗ್ಗುವ ರೀತಿ ಹೀಗಿರಲಿ. ಲಿವರ್ ಆಮೆ ಕಡೆ. ಬಕೆಟ್ ನೆಲಕ್ಕೆ ಸಮವಾಗಿ, ನೆಲ ಸವರಿಕೊಂಡು. ಪೆಡಲ್ ಅರ್ಧ. ಗುಡ್ಡೆ ಮುಟ್ಟಿತು, ಬಕೆಟ್ ಒಳಗೆ ಹೋಯ್ತು, ಎಂಜಿನ್ ಸದ್ದು ಭಾರ ಆಯ್ತು ಅನ್ನೋವಾಗ ಒತ್ತೋದಲ್ಲ, ಕಾಲನ್ನು ಮೆಲ್ಲಗೆ ಮೇಲೆ ತಗೊಳ್ಳಿ. ಅರ್ಧದಿಂದ ಕಾಲು ಭಾಗಕ್ಕೆ. ಆಗ ಒಂದು ತಮಾಷೆ ನಡೆಯುತ್ತೆ: ಸಾಯುತ್ತಿದ್ದ ಎಂಜಿನ್ ಸದ್ದು ಮತ್ತೆ ತಿಳಿಯಾಗುತ್ತೆ, ಗಾಡಿ ನಿಂತ ಹಾಗೆ ಕಂಡರೂ ಹಿಂದಿನ ಚಕ್ರ ಇಂಚಿಂಚೇ ಉರುಳಿ ಬಕೆಟ್ ಇನ್ನೂ ಒಂದು ಗೇಣು ಒಳಗೆ ಹೋಗುತ್ತೆ, ಅಷ್ಟರಲ್ಲಿ ನೀವು ಬಕೆಟ್ ಮೂತಿ ಮೇಲಕ್ಕೆ ಮಡಚಿಕೊಂಡು ಎತ್ತಿದರೆ ಗೊಬ್ಬರ ತುಂಬಿ ಬರುತ್ತೆ. ಮೊದಲ ದಿನ ಕಾಲು ಮಾತು ಕೇಳೋಲ್ಲ. ಭಾರ ಬಂದಾಗ ಒತ್ತು ಅಂತಲೇ ಹೇಳುತ್ತೆ. ನನಗೆ ಈ ಚಾಳಿ ಬಿಡಿಸೋಕೆ ಮೂರು ದಿನ ಹಿಡಿಯಿತು, ಅಷ್ಟರಲ್ಲಿ ಬಕೆಟ್ಟಿನ ಒಂದು ಮೂಲೆ ಬಗ್ಗಿತ್ತು.

ಗುಡ್ಡೆಗೆ ನೂಕುವಾಗ ಚಕ್ರ ನಿಂತು, ಒಳಗಿಂದ ಕುಂಯ್ ಅಂತ ಕಿರುಚುವ ಸದ್ದು ಬಂದರೆ ತಕ್ಷಣ ಕಾಲು ತೆಗೆಯಿರಿ. ಒತ್ತಡ ಮಿತಿ ಮೀರಿ ರಿಲೀಫ್ ವಾಲ್ವ್ ತೆರೆದುಕೊಂಡಿದೆ ಅಂತ ಅರ್ಥ. ಎಂಜಿನ್ ಕೊಡುವ ಬಲವೆಲ್ಲ ಆಗ ಆಯಿಲ್ ಕಾಯಿಸೋಕೆ ಹೋಗುತ್ತೆ, ಚಕ್ರಕ್ಕೆ ಏನೂ ಸಿಗೋಲ್ಲ. ಒಂದೆರಡು ಸೆಕೆಂಡ್ ಪರವಾಗಿಲ್ಲ. ದಿನವಿಡೀ ಅದೇ ಆದರೆ ಆಯಿಲ್ ಸುಟ್ಟು ತೆಳ್ಳಗಾಗಿ, ಆಮೇಲೆ ನಿಮ್ಮ ಹುಡುಗ ಹೇಳಿದ ಮಾತು ನಿಜ ಆಗುತ್ತೆ.

ಈಗ ಸ್ಪೀಡಿನ ವಿಷಯಕ್ಕೆ ಬರೋಣ. ಇರುವೆ ಹರಿದ ಹಾಗೆ ಅಂದಿರಲ್ಲ, ನಿಜವಾಗಿ ಎಷ್ಟು ಅಂತ ಅಳೆದು ನೋಡಿದ್ದೀರಾ? ಕಣದಲ್ಲಿ 10 ಮೀಟರ್ ದೂರಕ್ಕೆ ಎರಡು ಕಲ್ಲು ಇಡಿ. ಗಾಡಿ ಓಡುತ್ತಾ ಬಂದು ಮೊದಲ ಕಲ್ಲು ದಾಟಿದಾಗ ಮೊಬೈಲ್‌ನಲ್ಲಿ ಸೆಕೆಂಡ್ ಎಣಿಸೋಕೆ ಶುರು ಮಾಡಿ, ಎರಡನೇ ಕಲ್ಲಿಗೆ ನಿಲ್ಲಿಸಿ. 36ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಸಿಗುತ್ತೆ. 9 ಸೆಕೆಂಡ್ ಆದರೆ 4 ಕಿ.ಮೀ., ಅಂದರೆ ಆಳು ನಡೆಯುವ ವೇಗ. ಆರ್‌ಪಿಎಂ ಬೇರೆ ಬೇರೆ ಇಟ್ಟು, ಲಿವರನ್ನು ಆಮೆ ಕಡೆ ಒಮ್ಮೆ, ಜೋರು ಓಟದ ಮೊಲದ ಚಿತ್ರದ ಕಡೆ ಒಮ್ಮೆ ಹಾಕಿ ಅಳೆದು ಒಂದು ಚೀಟಿಯಲ್ಲಿ ಬರೆದು ಶೆಡ್ಡಿನ ಗೋಡೆಗೆ ಅಂಟಿಸಿಡಿ.

ತುಂಬಿದ ಬಕೆಟ್ ಇಟ್ಟುಕೊಂಡು ತೋಟದ ದಾರಿಯಲ್ಲಿ ಹೋಗೋಕೆ ಆ 4 ಕಿ.ಮೀ. ಧಾರಾಳ ಅಂತ ನನ್ನ ಲೆಕ್ಕ. ಗೊಬ್ಬರದ ಗುಂಡಿಯಿಂದ 60 ಮೀಟರ್ ಸಾಗಿಸಬೇಕು ಅಂದುಕೊಳ್ಳಿ. 4 ಕಿ.ಮೀ. ವೇಗದಲ್ಲಿ 54 ಸೆಕೆಂಡ್, 8ರಲ್ಲಿ ಹೋದರೆ 27. ದಿನಕ್ಕೆ 40 ಬಕೆಟ್ ಹೊತ್ತರೂ ತುಂಬಿದ ಓಟದಲ್ಲಿ ಉಳಿಯೋದು 18 ನಿಮಿಷ. ಒಂದು ಕಾಫಿ ಕುಡಿದು ಎಲೆ ಅಡಿಕೆ ಹಾಕೋ ಹೊತ್ತು. ಅದಕ್ಕೋಸ್ಕರ ಸಿಲ್ವರ್ ಓಕ್ ಬೇರಿನ ಮೇಲೆ ತುಂಬಿದ ಬಕೆಟ್ ಎಗರಿಸಿಕೊಂಡು ಹೋದರೆ ದಾರಿ ಉದ್ದಕ್ಕೂ ಗೊಬ್ಬರ ಚೆಲ್ಲುತ್ತೆ, ಮುಂದಿನ ಆಕ್ಸೆಲ್ ಏಟು ತಿನ್ನುತ್ತೆ. ಖಾಲಿ ವಾಪಸ್ ಬರುವಾಗ ಬೇಕಾದರೆ ಮೊಲಕ್ಕೆ ಹಾಕಿಕೊಳ್ಳಿ. ಆದರೆ ಆಮೆಯಿಂದ ಮೊಲಕ್ಕೆ ಬದಲಾಯಿಸೋದು ಗಾಡಿ ಪೂರ್ತಿ ನಿಂತ ಮೇಲೆ, ಅದೂ ಸಪಾಟು ಜಾಗದಲ್ಲಿ. ಏರಿನ ಮಧ್ಯೆ ಲಿವರ್ ಎಳೆದರೆ ಗಾಡಿ ನ್ಯೂಟ್ರಲ್‌ಗೆ ಬಿದ್ದ ಕ್ಷಣ ಅದನ್ನು ಹಿಡಿಯೋರು ಯಾರೂ ಇಲ್ಲ. ಹಲ್ಲು ಕಿತ್ತು ಹೋದರೆ ಗೇರ್ ಬಾಕ್ಸಿನ ಖರ್ಚು ಬೇರೆ.

ಇಳಿಜಾರಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳಿಬಿಡ್ತೀನಿ, ಮಲೆನಾಡಿನ ತೋಟದಲ್ಲಿ ಇದೇ ಮುಖ್ಯ. ಬಕೆಟ್ ತುಂಬಿದಾಗ ಭಾರವೆಲ್ಲ ಮುಂದಿನ ಆಕ್ಸೆಲ್ ಮೇಲೆ ಬಿದ್ದು ಹಿಂದಿನ ಚಕ್ರ ಹಗುರ ಆಗುತ್ತೆ. ಚಿಕ್ಕ ಗಾಡಿಗಳಲ್ಲಿ ಬ್ರೇಕ್ ಇರೋದು ಹಿಂದಿನ ಚಕ್ರಕ್ಕೆ ಮಾತ್ರ. ಪೆಡಲ್ ಬಿಟ್ಟಾಗ ಆಯಿಲ್ ಗಾಡಿಯನ್ನು ಹಿಡಿಯುತ್ತಲ್ಲ, ಟೂ ವ್ಹೀಲ್‌ನಲ್ಲಿದ್ದರೆ ಆ ಹಿಡಿತವೂ ಹಿಂದಿನ ಚಕ್ರಕ್ಕೇ. ಆ ಚಕ್ರವೇ ನೆಲ ಬಿಟ್ಟರೆ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ, ಗಾಡಿ ಸುಮ್ನೆ ಜಾರಿಕೊಂಡು ಹೋಗುತ್ತೆ. ಅದಕ್ಕೇ ಇಳಿಯುವ ಮೊದಲೇ ಫೋರ್ ವ್ಹೀಲ್ ಹಾಕಿ. ಹಿಂದೆ ರೋಟವೇಟರ್ ಕಟ್ಟಿಕೊಳ್ಳಿ, ಇಲ್ಲಾ ಕಾಂಕ್ರೀಟ್ ತುಂಬಿದ ಡ್ರಮ್ಮನ್ನು ತ್ರೀ ಪಾಯಿಂಟ್‌ಗೆ, ಅಂದರೆ ನೇಗಿಲು ಕಟ್ಟುವ ಹಿಂದಿನ ತೋಳುಗಳಿಗೆ, ಗಟ್ಟಿಯಾಗಿ ಕೂರಿಸಿಕೊಳ್ಳಿ. ತುಂಬಿದ ಬಕೆಟ್ ಯಾವಾಗಲೂ ಏರಿನ ಕಡೆಗೇ ಇರಬೇಕು. ಹತ್ತುವಾಗ ಮುಂದಕ್ಕೆ ಹತ್ತಿ, ಇಳಿಯುವಾಗ ರಿವರ್ಸ್‌ನಲ್ಲೇ ಇಳಿಯಿರಿ. ಬಕೆಟ್ ಮೊಣಕಾಲಿಗಿಂತ ಕೆಳಗೆ. ಜೂನ್‌ನಿಂದ ಮಳೆ ಹಿಡಿದ ಮೇಲೆ ಕೆಂಪು ಮಣ್ಣಿನ ದಾರಿಯಲ್ಲಿ ತುಂಬಿದ ಬಕೆಟ್ ಇಟ್ಟುಕೊಂಡು ಇಳಿಯೋದೇ ಬೇಡ ಅನ್ನೋದು ನನ್ನ ಮಾತು.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಸೊರಗಿದ ಹಾಗೆ ಕಂಡರೆ ಆಗ ಆಯಿಲ್ ನೋಡಿ. ಮಟ್ಟ ಕಮ್ಮಿ ಇದೆಯಾ, ಮಜ್ಜಿಗೆ ಬಣ್ಣಕ್ಕೆ ತಿರುಗಿದೆಯಾ? ನಮ್ಮ ಮಳೆಗಾಲದಲ್ಲಿ ನೀರು ಸೇರಿಕೊಂಡರೆ ಹೀಗಾಗುತ್ತೆ. ಹೈಡ್ರೋಸ್ಟಾಟಿಕ್ ಫಿಲ್ಟರ್ ಕಟ್ಟಿದರೆ ಪಂಪ್ ಗುಯ್ ಅನ್ನುತ್ತೆ, ಬೆಳಿಗ್ಗೆ ಚಳಿಯಲ್ಲಿ ಆ ಸದ್ದು ಇನ್ನೂ ಜಾಸ್ತಿ. ಸೆಕೆಂಡ್ ಹ್ಯಾಂಡ್ ಗಾಡಿ ಅಂದಿರಿ, ಹಿಂದಿನವರು ಫಿಲ್ಟರ್ ಯಾವಾಗ ಹಾಕಿದ್ದರೋ ಅನ್ನೋದಕ್ಕೆ ಬರೆದಿಟ್ಟ ಲೆಕ್ಕ ಇಲ್ಲದಿದ್ದರೆ ಒಂದು ಸಲ ಆಯಿಲ್ ಫಿಲ್ಟರ್ ಎರಡೂ ಹೊಸದು ಹಾಕಿಸಿ. ಮ್ಯಾನುಯಲ್ ಪುಸ್ತಕದಲ್ಲಿ ಹೇಳಿದ ಆಯಿಲ್ಲೇ ಆಗಬೇಕು, ಡಬ್ಬದಲ್ಲಿ ಮಿಕ್ಕಿರೋದನ್ನೆಲ್ಲ ಸುರಿಯಬೇಡಿ. ಕಣದಲ್ಲಿ ಕೆಲಸ ಮಾಡುವ ಗಾಡಿಗೆ ರೇಡಿಯೇಟರ್ ಮುಂದಿನ ಜಾಲರಿಗೆ ಕಾಫಿ ಹೊಟ್ಟು ಮೆತ್ತಿಕೊಳ್ಳುತ್ತೆ. ಸಂಜೆ ಬ್ರಶ್ಶಿನಲ್ಲಿ ಒರೆಸೋದು ಎರಡು ನಿಮಿಷದ ಕೆಲಸ.

ಪ್ರಶ್ನೆ: ಬೇಲೂರು ಹತ್ತಿರ ಶುಂಠಿ, ಜೋಳ ಬೆಳೀತೀವಿ. 45 ಎಚ್‌ಪಿ ಗೇರ್ ಟ್ರ್ಯಾಕ್ಟರ್ ಇದೆ. ಅದಕ್ಕೇ ಲೋಡರ್ ಹಾಕಿಸಲಾ, ಇಲ್ಲಾ ಅದನ್ನು ಮಾರಿ ಹೈಡ್ರೋಸ್ಟಾಟಿಕ್ ತಗೊಳ್ಳಲಾ?
— ರೈತರು, ಬೇಲೂರು ತಾಲ್ಲೂಕು

ಉತ್ತರ: ಮಾರಬೇಡಿ. ನಿಮ್ಮದು ಉಳುಮೆ ಜಾಸ್ತಿ ಇರೋ ಕೆಲಸ. ಹೈಡ್ರೋಸ್ಟಾಟಿಕ್‌ನಲ್ಲಿ ಎಂಜಿನ್ ಬಲದ ಒಂದು ಪಾಲು ಆಯಿಲ್ ಬಿಸಿಯಾಗಿ ಹೋಗಿಬಿಡುತ್ತೆ. ದಿನವಿಡೀ ನೇಗಿಲು ಎಳೆಯೋಕೆ ಗೇರ್ ಗಾಡಿಯೇ ವಾಸಿ, ಡೀಸೆಲ್ಲೂ ಕಮ್ಮಿ. ನಿಮಿಷಕ್ಕೆ ನಾಲ್ಕು ಸಲ ಹಿಂದೆ ಮುಂದೆ ಮಾಡುವ ಲೋಡರ್ ಕೆಲಸವೇ ಮುಖ್ಯ ಆದರೆ ಮಾತ್ರ ಹೈಡ್ರೋಸ್ಟಾಟಿಕ್ ಸುಖ, ಕ್ಲಚ್ ಪ್ಲೇಟ್ ಸವೆಯೋಲ್ಲ. ಇರೋ ಗಾಡಿಗೆ ಲೋಡರ್ ಹಾಕಿಸುವ ಮೊದಲು ಮುಂದಿನ ಆಕ್ಸೆಲ್ ಆ ಭಾರ ತಡೆಯುತ್ತಾ ಅಂತ ಟ್ರ್ಯಾಕ್ಟರ್ ಕೊಟ್ಟವರನ್ನೇ ಕೇಳಿ. ಲೋಡರ್ ಮಾರುವವರನ್ನು ಕೇಳಿದರೆ ತಡೆಯುತ್ತೆ ಅಂತಲೇ ಅಂತಾರೆ.

ಪ್ರಶ್ನೆ: ನಮ್ಮ ಹೈಡ್ರೋಸ್ಟಾಟಿಕ್ ಗಾಡಿ ಪೆಡಲ್ ಬಿಟ್ಟರೂ ಮೆಲ್ಲಗೆ ಮುಂದಕ್ಕೆ ಹರಿಯುತ್ತೆ. ಬ್ರೇಕ್ ಮೇಲೆ ಕಾಲಿಟ್ಟೇ ಬಕೆಟ್ ಎತ್ತಬೇಕು. ಏನು ಮಾಡೋದು?
— ಓದುಗರು, ಸಕಲೇಶಪುರ

ಉತ್ತರ: ಕಾಲು ತೆಗೆದರೂ ಒಳಗಿನ ತಟ್ಟೆ ನೆಟ್ಟಗೆ ನಿಲ್ಲುತ್ತಿಲ್ಲ, ಸ್ವಲ್ಪ ವಾಲಿಕೊಂಡೇ ಇದೆ. ಪೆಡಲಿನಿಂದ ಪಂಪಿಗೆ ಹೋಗುವ ರಾಡಿನಲ್ಲಿ ಅಡ್ಜಸ್ಟ್ ಮಾಡೋಕೆ ನಟ್ ಇರುತ್ತೆ. ನಾಲ್ಕೂ ಚಕ್ರ ನೆಲದಿಂದ ಎತ್ತಿ ಸ್ಟ್ಯಾಂಡ್ ಕೊಟ್ಟು, ಎಂಜಿನ್ ಓಡಿಸಿ, ಚಕ್ರ ತಿರುಗೋದು ನಿಲ್ಲುವ ತನಕ ಅದನ್ನು ತಿರುಗಿಸಬೇಕು. ಒಬ್ಬರೇ ಮಾಡೋ ಕೆಲಸ ಅಲ್ಲ, ಗೊತ್ತಿರೋ ಮೆಕ್ಯಾನಿಕ್ ಕೈಯಲ್ಲಿ ಮಾಡಿಸಿ. ಆದರೆ ಅದಕ್ಕೂ ಮೊದಲು ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಪೆಡಲ್ ಕೆಳಗೆ ಕೈ ಹಾಕಿ ನೋಡಿ. ನನ್ನ ಹತ್ತಿರ ಬಂದಿದ್ದ ಒಂದು ಗಾಡಿಗೆ ನಟ್ ಮುಟ್ಟಲೇ ಬೇಕಾಗಲಿಲ್ಲ. ಪೆಡಲ್ ವಾಪಸ್ ಬರುವ ಜಾಗದಲ್ಲಿ ಒಣಗಿದ ಕೆಸರಿನ ಜೊತೆ ನಾಲ್ಕು ರೋಬಸ್ಟಾ ಹಣ್ಣು ಸೇರಿಕೊಂಡು ಕಲ್ಲಾಗಿ ಕೂತಿದ್ದವು.