ಮಳೆ ಬಿಟ್ಟ ಮೇಲೆ ಬನ್ನಿ

ಮೂಡಿಗೆರೆ ಕಡೆ ಸಾಹಿತ್ಯ, ಕಲೆ ಅಂತ ಏನಾದರೂ ನಡೆಯುತ್ತಾ, ಯಾವಾಗ ಬಂದರೆ ನೋಡಬಹುದು ಅಂತ ಕೇಳಿದ್ದೀರಿ. ಧಾರಾಳವಾಗಿ ನಡೆಯುತ್ತದೆ. ಜೂನ್, ಜುಲೈನಲ್ಲಿ ಮಾತ್ರ ಬರಬೇಡಿ. ಆಗ ಇಲ್ಲಿ ಶಾಮಿಯಾನವೂ ನಿಲ್ಲಲ್ಲ, ಕರೆಂಟೂ ಇರಲ್ಲ.

ನಮ್ಮದು ಘಟ್ಟದ ಗಡಿ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದರೆ ದಕ್ಷಿಣ ಕನ್ನಡ. ಹಾಗಾಗಿ ನಮ್ಮ ಅರ್ಧ ಕಾರ್ಯಕ್ರಮ ಘಟ್ಟ ಹತ್ತಿ ಬರುತ್ತವೆ, ಇನ್ನರ್ಧಕ್ಕೆ ನಾವೇ ಇಳಿದು ಹೋಗುತ್ತೇವೆ.

ಸೆಪ್ಟೆಂಬರ್ 8 ಲೇಖಕ ಪೂರ್ಣಚಂದ್ರ ತೇಜಸ್ವಿಯವರ ಹುಟ್ಟಿದ ದಿನ. ಮೂಡಿಗೆರೆಯಲ್ಲಿ ಕಾಫಿ ಬೆಳೆದುಕೊಂಡು, ಮೀನು ಹಿಡಿದುಕೊಂಡು, ಹಕ್ಕಿ ಫೋಟೋ ತೆಗೆದುಕೊಂಡು, ಬರೆದುಕೊಂಡು ಇದ್ದವರು. ತೀರಿಹೋಗಿದ್ದು 2007ರಲ್ಲಿ. ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನ ಇದೆ. ಬೆಂಗಳೂರಿಂದ ಬರುವ ಹುಡುಗರು ಅವರ ಬರವಣಿಗೆಗಿಂತ ಅವರು ಗಾಳ ಹಾಕುತ್ತಿದ್ದ ಜಾಗದ ಬಗ್ಗೆಯೇ ಜಾಸ್ತಿ ಕೇಳುತ್ತಾರೆ. ಕೇಳಲಿ ಬಿಡಿ.

ನಾವು ನಿಜವಾಗಿ ಕಾಯುವುದು ಯಕ್ಷಗಾನಕ್ಕೆ. ದೀಪಾವಳಿ ಕಳೆದ ಮೇಲೆ ಮೇಳಗಳು, ಅಂದರೆ ಯಕ್ಷಗಾನದ ತಂಡಗಳು, ತಿರುಗಾಟ ಹೊರಡುತ್ತವೆ. ಮೇ ಕೊನೆಯಲ್ಲಿ, ತುಳುನಾಡಿನವರು ಪತ್ತನಾಜೆ ಅನ್ನುವ ದಿನ, ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಹರಕೆ ಹೊತ್ತ ಮನೆಯವರು ಆಟ (ಯಕ್ಷಗಾನಕ್ಕೆ ನಾವು ಹಾಗೇ ಅನ್ನುವುದು) ಆಡಿಸುತ್ತಾರೆ. ಟಿಕೆಟ್ ಇಲ್ಲ, ಊಟ ಇರುತ್ತದೆ. ಜನವರಿಯಲ್ಲಿ ತೋಟದ ಮನೆಗಳ ಕಣದ ತುಂಬ ಕಾಫಿ ಹರವಿರುತ್ತದಲ್ಲ, ಹಾಗಾಗಿ ಆಟ ಸ್ಕೂಲ್ ಮೈದಾನಕ್ಕೆ ಹೋಗುವುದೂ ಉಂಟು.

ನೀವು ಬಂದರೆ ಸಂಜೆಯೇ ಬನ್ನಿ, ಕೇಳಿಕೊಂಡು ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಹೋಗಿ. ಕಲಾವಿದರು ಸಾಲಾಗಿ ನೆಲದ ಮೇಲೆ ಕೂತು, ತಮ್ಮ ಮುಖಕ್ಕೆ ತಾವೇ ಬಣ್ಣ ಹಚ್ಚಿಕೊಳ್ಳುತ್ತಿರುತ್ತಾರೆ. ರಾಕ್ಷಸನ ವೇಷವಾದರೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಇಡಬೇಕು. ಒಂದೊಂದೇ ಮುಳ್ಳು ಎಬ್ಬಿಸುತ್ತಾ ಗಂಟೆಗಟ್ಟಲೆ ಹಿಡಿಯುತ್ತದೆ. ಆ ಹೊತ್ತಲ್ಲಿ ಮಾತಾಡಿಸಬೇಡಿ, ತುಟಿ ಅಲ್ಲಾಡಿದರೆ ಕೆಲಸ ಕೆಡುತ್ತದೆ. ಈಗ ಕಾಲಮಿತಿ ಆಟ ಬಂದು ಎಷ್ಟೋ ಕಡೆ ನಡುರಾತ್ರಿಗೇ ಮಂಗಳ ಹಾಡುತ್ತಾರೆ. ಬೆಳಿಗ್ಗೆ ಹಣ್ಣು ಕೊಯ್ಯಲು ಹೋಗುವವರಿಗೆ ಅನುಕೂಲವೇ. ನನಗೆ ಮಾತ್ರ ಬೆಳಗಿನ ಜಾವದ ಭಾಗವತರ ಹಾಡು ಕೇಳದಿದ್ದರೆ ಆಟ ನೋಡಿದ ಹಾಗೇ ಆಗುವುದಿಲ್ಲ.

ಕಾರ್ತಿಕದಲ್ಲಿ ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೆ ಇಲ್ಲಿಂದ ಜನ ಇಳಿಯುತ್ತಾರೆ. ದೀಪದ ಜೊತೆ ಅಲ್ಲಿ ಸಾಹಿತ್ಯ ಸಮ್ಮೇಳನವೂ ಇದೆ. 1933ರಿಂದ ನಡೆದುಕೊಂಡು ಬಂದಿದೆ.

ನಮ್ಮ ತಾಲ್ಲೂಕು ಸಾಹಿತ್ಯ ಸಮ್ಮೇಳನದ ದಿನಾಂಕ ಕೇಳಬೇಡಿ, ಎರಡು ಸಲ ಮುಂದೆ ಹೋದ ಮೇಲೆಯೇ ಅದು ನಿಜವಾದ ದಿನಾಂಕ. ಅಧ್ಯಕ್ಷರ ಮೆರವಣಿಗೆ, ಮುಂದೆ ವೀರಗಾಸೆ, ಅದಕ್ಕಾದರೂ ಬನ್ನಿ. ಉದ್ಘಾಟನೆಯ ಭಾಷಣಗಳು ಉದ್ದ. ಕವಿಗೋಷ್ಠಿ ಊಟದ ನಂತರ ಇಡುತ್ತಾರೆ, ಪಾಪ, ಆಗ ಕುರ್ಚಿಗಳು ಖಾಲಿ. ಅಲ್ಲೇ ಒಳ್ಳೆ ಪದ್ಯ ಸಿಗುವುದು, ಎದ್ದು ಹೋಗಬೇಡಿ.

ಪಕ್ಕದ ಹಾಸನದಲ್ಲಂತೂ 2025ರಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಸಂಭ್ರಮವೋ ಸಂಭ್ರಮ. ನಾಟಕ ಬೇಕಾದರೆ ನವೆಂಬರ್‌ನಲ್ಲಿ ಸಾಣೇಹಳ್ಳಿಗೆ ಹೋಗಿ. ಅದು ಚಿತ್ರದುರ್ಗ ಜಿಲ್ಲೆ, ಆದರೂ ನಮ್ಮ ಜಿಲ್ಲೆಯ ಅಜ್ಜಂಪುರದವರಿಗೆ ಹತ್ತಿರ. ದಿನಕ್ಕೊಂದು ನಾಟಕ, ಬಯಲು ರಂಗಮಂದಿರ.

ಸ್ವೆಟರ್ ತನ್ನಿ. ರಾತ್ರಿ ವಾಪಸ್ ಬಸ್ ನೆಚ್ಚಿಕೊಳ್ಳಬೇಡಿ, ಉಳಿಯುವುದಾದರೆ ಮೊದಲೇ ಹೇಳಿ, ನಮ್ಮ ಮನೆಯಲ್ಲಿ ಜಾಗ ಇದೆ.