ಐರ್ಲೆಂಡಿನ ಫಾರ್ಮಿಗೆ ಮೇ ತಿಂಗಳಲ್ಲಿ ಬರುವವರಿಗೆ

ಕಾರ್ಕ್ ಕೌಂಟಿಯಲ್ಲಿ ಒಂದು ಕುಟುಂಬ ನಡೆಸುವ ಹೈನು ಫಾರ್ಮಿನಲ್ಲಿ ಸಹಾಯಕರಾಗಿ ಕೆಲಸ ಸಿಕ್ಕಿದೆಯೆಂದೂ, ಅವರ ಬಳಿ ಒಂದಷ್ಟು ಕುರಿಗಳೂ ಇವೆಯೆಂದೂ, ಮೇ ಎರಡನೆಯ ವಾರದಲ್ಲಿ ಬಂದು ಸೇರಬೇಕೆಂದೂ ಬರೆದಿದ್ದೀರಿ. ಊರಿನಲ್ಲಿ ಹಸು ಎಮ್ಮೆ ಕಟ್ಟಿ ಸಾಕಿದ ಅನುಭವ ಇಲ್ಲಿಗೆ ಸಾಲುತ್ತದೆಯೇ, ಬೇಸಿಗೆಯ ಆರಂಭವಾದ್ದರಿಂದ ಕೆಲಸ ಹಗುರವಾಗಿರುತ್ತದೆಯೇ, ಬರುವಾಗ ಏನೇನು ತರಬೇಕು ಎಂದು ಕೇಳಿದ್ದೀರಿ. ಪಕ್ಕದ ಟಿಪ್ಪರೇರಿಯಲ್ಲಿ ಇಂಥದ್ದೇ ಫಾರ್ಮಿನಲ್ಲಿ ಬಹುಕಾಲದಿಂದ ದುಡಿಯುತ್ತಿರುವವನಾಗಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ನಿಮ್ಮ ಅನುಭವ ವ್ಯರ್ಥವಾಗುವುದಿಲ್ಲ. ಕೆಚ್ಚಲಿನ ಬಿಸುಪು, ಮೆಲುಕು ಹಾಕದೆ ನಿಂತ ಹಸುವಿನ ಮುಖ, ಕುಂಟುವ ಕಾಲು ಇವೆಲ್ಲ ಎಲ್ಲಿಯಾದರೂ ಒಂದೇ. ಬೇರೆಯಾಗಿರುವುದು ವರ್ಷದ ಲೆಕ್ಕ. ಇಲ್ಲಿಯ ಬಹುಪಾಲು ಹೈನು ಹಿಂಡುಗಳಲ್ಲಿ ಹಸುಗಳೆಲ್ಲ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಒಟ್ಟಿಗೆ ಕರು ಹಾಕುತ್ತವೆ. ಹುಲ್ಲು ಏರುವ ಕಾಲಕ್ಕೆ ಹಾಲೂ ಏರಲಿ ಎಂಬುದು ಅದರ ಉದ್ದೇಶ. ನೀವು ಬರುವ ಹೊತ್ತಿಗೆ ಕರುಗಳ ಗದ್ದಲ ಮುಗಿದಿರುತ್ತದೆ, ಹಸುಗಳು ಹಗಲೂ ರಾತ್ರಿಯೂ ಹೊಲದಲ್ಲೇ ಇರುತ್ತವೆ, ಮೇವು ಕೊಯ್ದು ತರುವುದಾಗಲಿ ಕೊಟ್ಟಿಗೆಯ ಸಗಣಿ ಎತ್ತುವುದಾಗಲಿ ಇರುವುದಿಲ್ಲ. ಬೆಳಿಗ್ಗೆ ಸಂಜೆ ಹಾಲು ಕರೆದರೆ ದಿನ ಮುಗಿಯಿತು ಎಂದು ಮೊದಲ ವಾರ ಯಾರಿಗಾದರೂ ಅನ್ನಿಸುತ್ತದೆ. ವಾಸ್ತವದಲ್ಲಿ ಮುಂದಿನ ಚಳಿಗಾಲದ ಮೇವು, ಮುಂದಿನ ವಸಂತದ ಕರುಗಳು ಎರಡೂ ತೀರ್ಮಾನವಾಗುವುದು ಮೇ ಮತ್ತು ಜೂನ್ ತಿಂಗಳುಗಳಲ್ಲಿಯೇ. ಈ ದಿನಗಳಲ್ಲಿ ನಿಮ್ಮಿಂದ ಬೇಕಾಗಿರುವುದು ತೋಳಿನ ಬಲಕ್ಕಿಂತ ಹೆಚ್ಚಾಗಿ ಕಣ್ಣು.

ಮೊದಲು ಕಲಿಯಬೇಕಾದದ್ದು ಹುಲ್ಲನ್ನು ನೋಡುವುದು. ಹೊಲವನ್ನು ವಿದ್ಯುತ್ ತಂತಿಯಿಂದ ಪ್ಯಾಡಕ್‌ಗಳಾಗಿ ಭಾಗ ಮಾಡಿ, ಹಸುಗಳನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ, ಮೇ ತಿಂಗಳಲ್ಲಿ ಸುಮಾರು 3 ವಾರಕ್ಕೊಮ್ಮೆ ಮೊದಲಿನ ಜಾಗಕ್ಕೆ ಮರಳಿ ತರುತ್ತಾರೆ. ಇಲ್ಲಿ ಹೆಚ್ಚಾಗಿರುವುದು ರೈಗ್ರಾಸ್ ಎಂಬ ಹುಲ್ಲು. ಅದರ ಒಂದು ಮೊಳಕೆಯನ್ನು ಕಿತ್ತು ಕೈಯಲ್ಲಿ ಹಿಡಿದು ನೋಡಿದರೆ ಜೀವಂತ ಎಲೆಗಳು ಮೂರೇ ಇರುತ್ತವೆ. ನಾಲ್ಕನೆಯದು ಬರುವ ಹೊತ್ತಿಗೆ ಮೊದಲನೆಯದು ಬುಡದಲ್ಲಿ ಹಳದಿಯಾಗಿ ಸಾಯುತ್ತದೆ. ಆದ್ದರಿಂದ ಮೂರನೆಯ ಎಲೆ ಬಿಚ್ಚಿಕೊಳ್ಳುವಾಗ ಹಸುವನ್ನು ಬಿಡಬೇಕು ಮತ್ತು ಸುಮಾರು 4 ಸೆಂಟಿಮೀಟರ್ ಉಳಿಯುವವರೆಗೆ ಮೇಯಿಸಬೇಕು. ಹೆಚ್ಚು ಉಳಿಸಿದರೆ ಮುಂದಿನ ಸುತ್ತಿನಲ್ಲಿ ಅದು ದಂಟಾಗಿ ತೆನೆ ಬಿಡುತ್ತದೆ, ಹಸು ಮೂಸಿ ಬಿಟ್ಟುಬಿಡುತ್ತದೆ. ಯಜಮಾನರು ವಾರಕ್ಕೊಮ್ಮೆ ಎಲ್ಲ ಪ್ಯಾಡಕ್‌ಗಳನ್ನೂ ನಡೆದು ಹುಲ್ಲನ್ನು ಅಳೆಯುವಾಗ ಯಾರೂ ಕರೆಯದಿದ್ದರೂ ಜೊತೆಗೆ ಹೋಗಿ. ಇಡೀ ಫಾರ್ಮಿನ ತಲೆ ಓಡುವುದು ಆ ನಡಿಗೆಯಲ್ಲಿ.

ಎರಡನೆಯದು ಬೆದೆ ಗುರುತಿಸುವುದು. ಹಸುವಿನ ಗರ್ಭಕಾಲ ಸುಮಾರು 283 ದಿನ; ಮೇ 1ರಂದು ಕಟ್ಟಿದ ಗಬ್ಬ ಫೆಬ್ರವರಿ 8ರ ಆಸುಪಾಸಿನಲ್ಲಿ ಕರುವಾಗುತ್ತದೆ. ಒಂದು ಬೆದೆ ತಪ್ಪಿದರೆ ಮತ್ತೆ 3 ವಾರ ಕಾಯಬೇಕು, ಅಷ್ಟರಮಟ್ಟಿಗೆ ಮುಂದಿನ ವರ್ಷದ ಹುಲ್ಲಿನ ಹಾಲು ಕೈತಪ್ಪುತ್ತದೆ. ಬಾಲದ ಬುಡದಲ್ಲಿ ಬಳಿದ ಬಣ್ಣ ಉಜ್ಜಿ ಹೋಗಿದ್ದರೆ ಬೇರೆ ಹಸು ಅದರ ಮೇಲೆ ಹಾರಿದೆಯೆಂದು ಅರ್ಥ. ಕೆಲವೆಡೆ ಕೊರಳಿಗೆ ಸೆನ್ಸರ್ ಕಟ್ಟಿರುತ್ತಾರೆ. ಆದರೂ ಹಾಲು ಕರೆಯಲು ಹಿಂಡನ್ನು ತರುವಾಗ ಅವಸರ ಮಾಡದೆ ಹಿಂದೆ ನಡೆಯುವವನ ಕಣ್ಣಿಗೆ ಕಾಣುವಷ್ಟು ಬೇರೆ ಯಾವುದಕ್ಕೂ ಕಾಣುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಂಡದ್ದನ್ನು, ಸಂಶಯವಿದ್ದರೂ, ಹಸುವಿನ ಸಂಖ್ಯೆಯ ಸಮೇತ ಹೇಳಿಬಿಡಿ. ನಮ್ಮವರು ಹಿರಿಯರ ಮುಂದೆ ಸುಮ್ಮನಿರುವುದನ್ನು ಮರ್ಯಾದೆ ಎಂದುಕೊಳ್ಳುತ್ತಾರೆ. ಇಲ್ಲಿ ಅದನ್ನು ಗಮನವಿಲ್ಲದವನು ಎಂದು ತಿಳಿಯುತ್ತಾರೆ. ಕೃತಕ ಗರ್ಭಧಾರಣೆಯ ವಾರಗಳು ಮುಗಿದ ಮೇಲೆ ಹಿಂಡಿಗೆ ಹೋರಿಯನ್ನು ಬಿಡುವ ರೂಢಿಯಿದೆ. ಅದು ಎಷ್ಟೇ ಸಾಧುವಾಗಿ ಕಂಡರೂ ಅದಕ್ಕೆ ಬೆನ್ನು ಕೊಡಬೇಡಿ, ಆ ಹೊಲಕ್ಕೆ ಒಬ್ಬರೇ ಹೋಗಬೇಡಿ.

ಮೇ ಕೊನೆಯ ಭಾಗದಲ್ಲಿ ರಸಮೇವಿನ ಮೊದಲ ಕಟಾವು ಬರುತ್ತದೆ. ಇಲ್ಲಿ ಎಲ್ಲರೂ ಸೈಲೇಜ್ ಎನ್ನುತ್ತಾರೆ. ಎರಡು ದಿನ ಮಳೆಯಿಲ್ಲವೆಂಬ ಮುನ್ಸೂಚನೆ ಬಂದರೆ ಅಕ್ಕಪಕ್ಕದ ಫಾರ್ಮುಗಳಿಗೆಲ್ಲ ಒಂದೇ ದಿನ ಯಂತ್ರಗಳು ಬೇಕಾಗುತ್ತವೆ, ಜೂನ್‌ನಲ್ಲಿ ರಾತ್ರಿ ಹತ್ತರ ತನಕ ಬೆಳಕಿರುವುದರಿಂದ ಕೆಲಸ ಅಲ್ಲಿಯವರೆಗೂ ನಡೆಯುತ್ತದೆ. ಕೊಯ್ದ ಹುಲ್ಲು ಒಂದು ದಿನ ಬಾಡಬೇಕು, ಆಮೇಲೆ ಗಾಳಿ ಹೋಗದಂತೆ ಒತ್ತಿ ಪ್ಲಾಸ್ಟಿಕ್ ಮುಚ್ಚಬೇಕು. ಒಂದು ತೂತು ಉಳಿದರೂ ಒಳಗೆ ಬೂಷ್ಟು ಹಿಡಿಯುತ್ತದೆ.

ಕಟಾವಾದ ನೆಲಕ್ಕೆ ಚಳಿಗಾಲದ ಸ್ಲರಿಯನ್ನು, ಅಂದರೆ ಗುಂಡಿಯಲ್ಲಿ ಸೇರಿದ ಸಗಣಿ ಗಂಜಲದ ರಾಡಿಯನ್ನು, ಹರಡುವುದಕ್ಕಾಗಿ ಆ ಗುಂಡಿಯನ್ನು ಕದಡುತ್ತಾರೆ. ಇದನ್ನು ದಯವಿಟ್ಟು ಎರಡು ಸಲ ಓದಿ. ಕದಡಿದಾಗ ಹೈಡ್ರೋಜನ್ ಸಲ್ಫೈಡ್ ಅನಿಲ ಏಳುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಹೆಚ್ಚಾದಾಗ ಮೂಗಿನ ಶಕ್ತಿಯೇ ಸತ್ತು ವಾಸನೆ ತಿಳಿಯುವುದಿಲ್ಲ, ಒಂದೇ ಉಸಿರಿಗೆ ಮನುಷ್ಯ ಬೀಳಬಹುದು. ಕದಡುವ ಯಂತ್ರ ಶುರುವಾದ ಮೇಲೆ ಕನಿಷ್ಠ 30 ನಿಮಿಷ ಯಾರೂ, ಯಾವ ಪ್ರಾಣಿಯೂ ಹತ್ತಿರವಿರಬಾರದು. ಒಳಗೆ ಬಿದ್ದವರನ್ನು ಎತ್ತಲು ಇಳಿದವರೂ ಸತ್ತಿರುವ ಉದಾಹರಣೆಗಳು ಈ ದೇಶದಲ್ಲಿವೆ.

ಕುರಿಗಳ ಉಣ್ಣೆ ಕತ್ತರಿಸುವುದು ಸಾಮಾನ್ಯವಾಗಿ ಜೂನ್‌ನಲ್ಲಿ. ಅದಕ್ಕೆ ಮುಂಚಿನ ವಾರಗಳಲ್ಲಿ ದಿನಕ್ಕೆರಡು ಬಾರಿ ಹೋಗಿ ನೋಡಬೇಕು. ತುಂಬಿದ ಉಣ್ಣೆಯ ಕುರಿ ಮೈ ಉಜ್ಜಲು ಹೊರಳಿ, ಬೆನ್ನ ಮೇಲಾಗಿ, ಮತ್ತೆ ಏಳಲಾರದೆ ನಾಲ್ಕು ಕಾಲನ್ನೂ ಮೇಲೆ ಮಾಡಿ ಸಿಕ್ಕಿಕೊಳ್ಳುತ್ತದೆ. ಹಾಗೇ ಬಿಟ್ಟರೆ ಹೊಟ್ಟೆಯಲ್ಲಿ ಅನಿಲ ತುಂಬಿ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಎತ್ತಿ ನಿಲ್ಲಿಸಿ, ತೊಡೆಗಳ ನಡುವೆ ಆನಿಸಿಕೊಂಡು, ಕಾಲು ಊರುವ ತನಕ ಬಿಡಬೇಡಿ. ಗುಂಪಿನಿಂದ ಬೇರೆಯಾಗಿ ಕಾಲು ಬಡಿಯುತ್ತ, ಬಾಲ ಅದುರಿಸುತ್ತ, ಹಿಂಭಾಗವನ್ನು ಕಚ್ಚಿಕೊಳ್ಳುವ ಕುರಿಯ ಉಣ್ಣೆಯನ್ನು ಬಿಡಿಸಿ ನೋಡಿ, ನೊಣ ಇಟ್ಟ ಮೊಟ್ಟೆ ಹುಳುವಾಗಿ ಚರ್ಮ ತಿನ್ನುತ್ತಿರಬಹುದು. ಒಂದು ದಿನ ತಡವಾದರೂ ಆ ಪ್ರಾಣಿಯ ನೋವು ನೋಡಲಾಗುವುದಿಲ್ಲ.

ದುಡಿಮೆಯ ಹೊತ್ತಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 1997ರ ಕಾನೂನಿನಂತೆ ವಾರದ ದುಡಿಮೆ ಸರಾಸರಿ 48 ಗಂಟೆ ಮೀರಬಾರದು. ವೇತನ ಚೀಟಿಯೂ ನಿಮ್ಮ ಹಕ್ಕು. ಫಾರ್ಮಿನ ಮನೆಯವರು ಒಳ್ಳೆಯವರಾಗಿದ್ದರೂ ಗಂಟೆಗಳನ್ನು ನೀವೇ ಬರೆದಿಡಿ, ರಜೆಯ ದಿನವನ್ನು ಮೊದಲೇ ಮಾತಾಡಿಕೊಳ್ಳಿ. ಕುಟುಂಬದ ಫಾರ್ಮಿನಲ್ಲಿ ಊಟದ ಮೇಜೂ ಕೆಲಸದ ಮಾತೂ ಒಂದೇ ಕಡೆ ಇರುವುದರಿಂದ ಈ ಗೆರೆ ಬಹಳ ಬೇಗ ಅಳಿಸಿಹೋಗುತ್ತದೆ.

ಇನ್ನು ತರುವ ಸಾಮಾನು. ಜೂನ್‌ನಲ್ಲೂ ಮಳೆ, ಚಳಿಗಾಳಿ ಉಂಟು, ಬೆಚ್ಚನೆಯ ಬಟ್ಟೆ ಇರಲಿ. ಊರಿನ ಕೊಟ್ಟಿಗೆಯಲ್ಲಿ ಮೆಟ್ಟಿದ ಬೂಟು, ಚಪ್ಪಲಿ ಮಾತ್ರ ಬೇಡವೇ ಬೇಡ. ಮಾಂಸ, ತುಪ್ಪ, ಹಾಲಿನ ಸಿಹಿಯನ್ನು ಹೊರದೇಶದಿಂದ ತರುವುದನ್ನು ಯುರೋಪಿಯನ್ ಒಕ್ಕೂಟದ ನಿಯಮವೇ ನಿಷೇಧಿಸಿದೆ. ನಮ್ಮಲ್ಲಿ ಸಾಮಾನ್ಯವಾಗಿರುವ ಕಾಲುಬಾಯಿ ಜ್ವರ ಇಲ್ಲಿಲ್ಲ. 2001ರಲ್ಲಿ ಲೌತ್ ಕೌಂಟಿಯಲ್ಲಿ ಒಂದು ಕಡೆ ಕಾಣಿಸಿಕೊಂಡಾಗ ಸುತ್ತಲಿನ ಸಾವಿರಾರು ಕುರಿಗಳನ್ನು ಕೊಲ್ಲಬೇಕಾಯಿತು. ಹೊರಡುವ ಮುಂಚಿನ ದಿನಗಳಲ್ಲಿ ದನಗಳ ಹತ್ತಿರ ಹೋಗಿದ್ದರೆ ಅದನ್ನು ಫಾರ್ಮಿನ ಮನೆಯವರಿಗೆ ಮೊದಲೇ ತಿಳಿಸಿ. ರಬ್ಬರ್ ಬೂಟನ್ನು ಇಲ್ಲಿಗೆ ಬಂದ ಮೇಲೆ ಕೊಳ್ಳಿ.