‘ಮಾನ್ಯತೆ ಬರುತ್ತಂತೆ’ ಎನ್ನುವ ನರ್ಸಿಂಗ್ ಕಾಲೇಜಿಗೆ ದುಡ್ಡು ಕಟ್ಟಬೇಡಿ

ಪಿಯುಸಿ ರಿಸಲ್ಟ್ ಬಂದ ಮೇಲೆ ಹಾಸನ, ಚಿಕ್ಕಮಗಳೂರು ಕಡೆಯಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ. ಕಾಲೇಜಿನ ಮಾನ್ಯತೆ ಬಗ್ಗೆ ಅನುಮಾನ ಇದೆ, ಆದರೂ ಸೇರಿಸಬಹುದಾ ಅಂತ. ಪ್ರತಿ ವರ್ಷ ಉತ್ತರ ಹೇಳುತ್ತೇನೆ, ಪ್ರತಿ ವರ್ಷ ಯಾರಾದರೂ ದುಡ್ಡು ಕಟ್ಟಿ ಆದ ಮೇಲೆ ಬಂದು ಕೇಳುತ್ತಾರೆ. ಅದಕ್ಕೇ ಈ ಸಲ ಜಾಗವೆಲ್ಲ ಅದಕ್ಕೇ ಕೊಡುತ್ತೇನೆ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಎಷ್ಟು ವರ್ಷ, ಬಿಎಸ್ಸಿ ಎಷ್ಟು ವರ್ಷ ಅಂತೆಲ್ಲ ಇಲ್ಲಿ ಬರೆಯುವುದಿಲ್ಲ.

ಪ್ರಶ್ನೆ: ಮಗಳಿಗೆ ಪಿಯುಸಿ ಸೈನ್ಸ್‌ನಲ್ಲಿ ಶೇ 58 ಬಂದಿದೆ. ನಮ್ಮೂರಿನವರೇ ಒಬ್ಬರು ಹೊಸ ಕಾಲೇಜಿನಲ್ಲಿ ಬಿಎಸ್ಸಿ ನರ್ಸಿಂಗ್ ಸೀಟು ಕೊಡಿಸುತ್ತೇನೆ ಅಂತಿದ್ದಾರೆ. ಬೋರ್ಡಿನಲ್ಲಿ ‘ಐಎನ್‌ಸಿ ಅನುಮೋದಿತ’ (ಐಎನ್‌ಸಿ ಅಂದರೆ ಭಾರತೀಯ ನರ್ಸಿಂಗ್ ಕೌನ್ಸಿಲ್) ಅಂತ ಬರೆದಿದೆ. ಐಎನ್‌ಸಿ ವೆಬ್‌ಸೈಟ್‌ನಲ್ಲಿ ಹುಡುಕಿದರೆ ಹೆಸರು ಸಿಗಲಿಲ್ಲ. ಕೇಳಿದ್ದಕ್ಕೆ ‘ಫೈಲ್ ಹೋಗಿದೆ, ಪರೀಕ್ಷೆ ಹೊತ್ತಿಗೆ ಬರುತ್ತೆ’ ಅಂದರು. ಈ ವಾರವೇ 40 ಸಾವಿರ ರೂಪಾಯಿ, ಜೊತೆಗೆ ಒರಿಜಿನಲ್ ಅಂಕಪಟ್ಟಿ ಕೊಡಬೇಕಂತೆ. ಕೊಡಬಹುದಾ? (ಓದುಗರು, ಬೇಲೂರು)

ಕೊಡಬೇಡಿ ತಾಯಿ. ದುಡ್ಡೂ ಬೇಡ, ಅಂಕಪಟ್ಟಿಯಂತೂ ಬೇಡವೇ ಬೇಡ.

‘ಬರುತ್ತೆ’ ಅನ್ನುವ ಮಾತಿಗೆ ನಾಲ್ಕು ಕಾಸಿನ ಬೆಲೆ ಇಲ್ಲ. ಮಾನ್ಯತೆ ಅಂದರೆ ಕಾಗದ. ಈ ವರ್ಷದ ದಿನಾಂಕ, ನಿಮ್ಮ ಮಗಳು ಓದುವ ಕೋರ್ಸಿನ ಹೆಸರು, ಎಷ್ಟು ಸೀಟು ಅನ್ನುವ ಸಂಖ್ಯೆ, ಈ ಮೂರೂ ಅದರಲ್ಲಿ ಇರಬೇಕು. ಇಲ್ಲದಿದ್ದರೆ ಮಾನ್ಯತೆ ಇಲ್ಲ ಅಂತಲೇ ತಿಳಿಯಿರಿ.

ಮೊದಲು ಐಎನ್‌ಸಿ ಗೊಂದಲ ಬಿಡಿಸುತ್ತೇನೆ, ಎಲ್ಲರೂ ಎಡವುವುದು ಅಲ್ಲೇ. ಭಾರತೀಯ ನರ್ಸಿಂಗ್ ಕೌನ್ಸಿಲ್ ಅನ್ನುವುದು 1947ರ ಕಾಯ್ದೆಯಡಿ ಬಂದ ಕೇಂದ್ರದ ಸಂಸ್ಥೆ. ನಮ್ಮ ರಾಜ್ಯದ ಕಾಲೇಜುಗಳಿಗೂ ಅದಕ್ಕೂ ಮಾನ್ಯತೆ ಯಾರು ಕೊಡಬೇಕು ಅಂತ ಜಗಳ ಹತ್ತಿ ಕೋರ್ಟಿಗೆ ಹೋಯಿತು. ಕಾಲೇಜುಗಳಿಗೆ ಮಾನ್ಯತೆ ಕೊಡುವ ಅಧಿಕಾರ ಐಎನ್‌ಸಿಗೆ ಇಲ್ಲ, ಅದು ರಾಜ್ಯ ನರ್ಸಿಂಗ್ ಕೌನ್ಸಿಲ್ ಮತ್ತು ವಿಶ್ವವಿದ್ಯಾಲಯದ ಕೆಲಸ ಅಂತ 2017ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು. ಹಾಗಾಗಿ ಐಎನ್‌ಸಿ ವೆಬ್‌ಸೈಟ್‌ನಲ್ಲಿ ಹೆಸರಿಲ್ಲ ಅಂದ ಮಾತ್ರಕ್ಕೆ ಕಾಲೇಜು ಕಳ್ಳ ಕಾಲೇಜು ಆಗುವುದಿಲ್ಲ. ಆದರೆ ಇದೇ ತೀರ್ಪನ್ನು ಏಜೆಂಟರು ಗುರಾಣಿ ಮಾಡಿಕೊಂಡಿದ್ದಾರೆ. ‘ಕರ್ನಾಟಕದಲ್ಲಿ ಮಾನ್ಯತೆಯೇ ಬೇಕಿಲ್ಲ ಮೇಡಂ’ ಅಂತ ನನ್ನ ಮುಂದೆಯೇ ಒಬ್ಬ ಹೇಳಿದ. ಕೋರ್ಟ್ ಹಾಗೆ ಹೇಳಿಲ್ಲ. ಇನ್ನು, ಐಎನ್‌ಸಿ ಅನುಮೋದನೆಯ ಕಾಗದ ಕೈಯಲ್ಲಿ ಇಲ್ಲದೆ ‘ಐಎನ್‌ಸಿ ಅನುಮೋದಿತ’ ಅಂತ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದ್ದಾರಲ್ಲ, ಅದು ಸುಳ್ಳು. ಬಾಗಿಲಲ್ಲೇ ಸುಳ್ಳು ಹೇಳುವವರು ಒಳಗೆ ಏನು ಹೇಳುತ್ತಾರೆ ಅಂತ ನೀವೇ ಯೋಚಿಸಿ.

ನೀವು ಕೇಳಬೇಕಾದ ಕಾಗದ ಇವು. ಕಾಲೇಜು ಶುರು ಮಾಡಲು ರಾಜ್ಯ ಸರ್ಕಾರ ಕೊಟ್ಟ ಆದೇಶ. ಬಿಎಸ್ಸಿ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಈ ಸಾಲಿನ ಸಂಯೋಜನೆ (ಅಫಿಲಿಯೇಷನ್) ಪತ್ರ. ಜಿಎನ್‌ಎಂ ಆದರೆ ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಪತ್ರ. ಎರಡಕ್ಕೂ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ. ಜೆರಾಕ್ಸ್ ನೋಡಿ ತಲೆ ಆಡಿಸಿ ಬರಬೇಡಿ. ಫೋಟೊ ತೆಗೆದುಕೊಂಡು ಬನ್ನಿ, ಆಮೇಲೆ ವಿಶ್ವವಿದ್ಯಾಲಯದ ವೆಬ್‌ಸೈಟ್‌ನಲ್ಲಿರುವ ಕಾಲೇಜು ಪಟ್ಟಿಯಲ್ಲಿ ಹೆಸರು, ವಿಳಾಸ, ಸೀಟಿನ ಸಂಖ್ಯೆ ಹೋಲಿಸಿ. ಬಿಎಸ್ಸಿ ನರ್ಸಿಂಗ್ ಸೀಟುಗಳನ್ನು ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಕೂಡ ಹಂಚುತ್ತದೆ, ಅಲ್ಲಿನ ಪಟ್ಟಿಯಲ್ಲಿ ಈ ಕಾಲೇಜು ಇದೆಯಾ ನೋಡಿ. ಅಂದಹಾಗೆ ಮಗಳು ಸಿಇಟಿಗೆ ಅರ್ಜಿ ಹಾಕಿದ್ದಾಳಾ ಇಲ್ಲವಾ ಅಂತ ನೀವು ಬರೆದೇ ಇಲ್ಲ. ಏಜೆಂಟ್ ಹಿಂದೆ ಹೋಗುವ ಮೊದಲು ಕೇಳಬೇಕಾದ್ದು ಅದು.

ವಿಳಾಸ ಹೋಲಿಸಿ ಅಂದೆನಲ್ಲ, ಸುಮ್ನೆ ಹೇಳಿದ್ದಲ್ಲ. ಅನುಮತಿ ಒಂದು ಊರಿನ ಕಾಲೇಜಿಗೆ, ಪಾಠ ಇನ್ನೊಂದು ಊರಿನ ಬಾಡಿಗೆ ಕಟ್ಟಡದಲ್ಲಿ ನಡೆಯುವುದನ್ನು ನೋಡಿದ್ದೇನೆ. ಒಂದೇ ಟ್ರಸ್ಟಿಗೆ ಜಿಎನ್‌ಎಂ ಅನುಮತಿ ಇರುತ್ತದೆ, ಅದೇ ಪತ್ರ ತೋರಿಸಿ ಬಿಎಸ್ಸಿಗೆ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ. ಇನ್ನು ಕೆಲವು ಕಡೆ 40 ಸೀಟಿಗೆ ಅನುಮತಿ, ಕ್ಲಾಸಲ್ಲಿ 60 ಮಕ್ಕಳು. ಜಾಸ್ತಿ ಸೇರಿಸಿಕೊಂಡ 20 ಮಕ್ಕಳ ಪ್ರವೇಶವನ್ನು ವಿಶ್ವವಿದ್ಯಾಲಯ ಒಪ್ಪುವುದಿಲ್ಲ, ರಿಜಿಸ್ಟರ್ ನಂಬರ್ ಬರುವುದಿಲ್ಲ. ಅದು ಗೊತ್ತಾಗುವುದು ಹಾಲ್ ಟಿಕೆಟ್ ಹೊತ್ತಿಗೆ, ಅಷ್ಟರಲ್ಲಿ ವರ್ಷವೇ ಹೋಗಿರುತ್ತದೆ. ಹೊಸ ಕಾಲೇಜಿನಲ್ಲಿ ಸೀನಿಯರ್‌ಗಳು ಇರುವುದಿಲ್ಲ, ಕೇಳಲು ಯಾರೂ ಸಿಗುವುದಿಲ್ಲ. ಹಳೆಯ ಕಾಲೇಜು ಆದರೆ ಎರಡನೇ ವರ್ಷದ ಮಕ್ಕಳನ್ನು ಗೇಟಿನ ಹೊರಗೆ ನಿಲ್ಲಿಸಿ, ಅಂಕಪಟ್ಟಿಯಲ್ಲಿ ಯಾವ ಕಾಲೇಜಿನ ಹೆಸರು ಬಂದಿದೆ ಅಂತ ಕೇಳಿ. ಮಕ್ಕಳು ಸುಳ್ಳು ಹೇಳುವುದಿಲ್ಲ.

ಕಾಗದ ಎಲ್ಲ ಸರಿ ಇದ್ದರೂ ಆಸ್ಪತ್ರೆ ನೋಡದೆ ಸೇರಿಸಬೇಡಿ. ಐಎನ್‌ಸಿ ನಿಯಮದಲ್ಲಿ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು, 10 ಮಕ್ಕಳಿಗೆ ಒಬ್ಬ ಶಿಕ್ಷಕರು, ವಾರ್ಡಿನಲ್ಲಿ ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಅಂತೆಲ್ಲ ಇದೆ. ವರ್ಷಕ್ಕೆ 60 ಸೀಟು ಅಂದರೆ ನಾಲ್ಕು ವರ್ಷಕ್ಕೆ 240 ಮಕ್ಕಳು, ಅಂದರೆ 24 ಶಿಕ್ಷಕರು ಬೇಕು. ನೀವು ಹೋದ ದಿನ ಎಷ್ಟು ಜನ ಕಂಡರು ಎಣಿಸಿ. ‘ಚಾಮರಾಜೇಂದ್ರ ಆಸ್ಪತ್ರೆಗೆ ಕಳಿಸುತ್ತೇವೆ’, ‘ಮಲ್ಲೇಗೌಡ ಆಸ್ಪತ್ರೆಗೆ ಕಳಿಸುತ್ತೇವೆ’ ಅಂತ ಬಾಯಲ್ಲಿ ಹೇಳಿದರೆ ನಂಬಬೇಡಿ, ಆಸ್ಪತ್ರೆಯ ಅನುಮತಿ ಪತ್ರ ಕೇಳಿ. ವಾರ್ಡಿಗೇ ಹೋಗದೆ ಗೊಂಬೆಗೆ ಸೂಜಿ ಚುಚ್ಚಿ ಪಾಸಾದ ಹುಡುಗಿಯನ್ನು ರಾತ್ರಿ ಪಾಳಿಯಲ್ಲಿ ಒಂಟಿಯಾಗಿ ಬಿಟ್ಟರೆ ಅವಳ ಕೈ ನಡುಗುತ್ತದೆ. ಆ ರಾತ್ರಿ ಹಾಸಿಗೆಯಲ್ಲಿ ಮಲಗಿರುವವರು ಯಾರದೋ ಅಪ್ಪ, ಯಾರದೋ ಮಗು. ನನಗೆ ಸಿಟ್ಟು ಬರುವುದು ಇದಕ್ಕೇ.

ಅಂಕಪಟ್ಟಿ ವಿಷಯ. ಕಾಲೇಜುಗಳು ಮೂಲ ದಾಖಲೆ ಇಟ್ಟುಕೊಳ್ಳುವ ಹಾಗಿಲ್ಲ, ಪರಿಶೀಲಿಸಿ ವಾಪಸ್ ಕೊಡಬೇಕು ಅಂತ ಯುಜಿಸಿ 2018ರಲ್ಲೇ ಹೇಳಿದೆ. ಏಜೆಂಟ್ ಕೈಗಂತೂ ಯಾವ ಕಾರಣಕ್ಕೂ ಕೊಡಬೇಡಿ. ಒಮ್ಮೆ ಕೊಟ್ಟರೆ ಬೇರೆ ಕಡೆ ಒಳ್ಳೆ ಸೀಟು ಸಿಕ್ಕರೂ ಹೋಗಲಾಗುವುದಿಲ್ಲ, ಅವರಿಗೆ ಬೇಕಾಗಿರುವುದೂ ಅದೇ. ದುಡ್ಡು ಕಟ್ಟುವ ದಿನ ಬಂದರೆ ಕಾಲೇಜಿನ ಖಾತೆಗೇ ಕಟ್ಟಿ, ಕಾಲೇಜಿನ ಹೆಸರಿನ ರಸೀದಿ ತೆಗೆದುಕೊಳ್ಳಿ. ‘ನಮ್ಮೂರಿನವರೇ’ ಅಂತ ಬರೆದಿದ್ದೀರಿ. ಊರಿನವರಾದರೆ ಕಾಗದ ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಮಾಡಿಕೊಳ್ಳಲಿ.

ಒಂದು ವರ್ಷ ಹಾಳಾಗುತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ಶೇ 58 ಅಂದರೆ ಬಿಎಸ್ಸಿ ದಾರಿ ಮುಚ್ಚಿಲ್ಲ, ಅನುಮತಿ ಇರುವ ಕಾಲೇಜಿನಲ್ಲಿ ಜಿಎನ್‌ಎಂ ಮಾಡಿ ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡುವ ದಾರಿಯೂ ಇದೆ. ನನ್ನ ಮಗಳಾಗಿದ್ದರೆ ಒಂದು ವರ್ಷ ಮನೆಯಲ್ಲಿ ಕೂರಿಸಿ ಮತ್ತೆ ಸಿಇಟಿ ಬರೆಸುತ್ತಿದ್ದೆ. ನಾಲ್ಕು ವರ್ಷ ಓದಿ ರಾಜ್ಯ ಕೌನ್ಸಿಲ್‌ನಲ್ಲಿ ನೋಂದಣಿ ಆಗದಿದ್ದರೆ ಅವಳು ಕಾನೂನಿನ ಪ್ರಕಾರ ನರ್ಸೇ ಅಲ್ಲ.

ಪ್ರಶ್ನೆ: ಸೇರಿ ಎಂಟು ತಿಂಗಳಾಯಿತು, ರಿಜಿಸ್ಟರ್ ನಂಬರ್ ಬಂದಿಲ್ಲ. ಕೇಳಿದರೆ ಬೈಯುತ್ತಾರೆ. (ವಿದ್ಯಾರ್ಥಿನಿ, ಕಡೂರು)

ಬೈದರೆ ಬೈಯಲಿ ಮಗಳೇ, ಈ ವಾರವೇ ಅಪ್ಪ ಅಮ್ಮನಿಗೆ ಹೇಳು. ಪ್ರಿನ್ಸಿಪಾಲರಿಗೆ ಬರವಣಿಗೆಯಲ್ಲಿ ಕೇಳಿ, ಪತ್ರ ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಅದರ ಪ್ರತಿ ಇಟ್ಟುಕೊಂಡು ಬೆಂಗಳೂರಿನ ವಿಶ್ವವಿದ್ಯಾಲಯದ ಕಚೇರಿಗೆ ಖುದ್ದಾಗಿ ಹೋಗಿ, ನಿನ್ನ ಹೆಸರು ಅವರ ದಾಖಲೆಯಲ್ಲಿ ಇದೆಯಾ ಕೇಳಿ. ಇಲ್ಲ ಅಂದರೆ ರಸೀದಿಗಳ ಸಮೇತ ಪೊಲೀಸರಿಗೆ ವಂಚನೆ ದೂರು ಕೊಡಿ. ಪರೀಕ್ಷೆವರೆಗೂ ಕಾಯಬೇಡಿ. ನಾಚಿಕೊಳ್ಳಬೇಕಾದವಳು ನೀನಲ್ಲ.

ಪ್ರಶ್ನೆ: ಕಾಲೇಜಿಗೆ ಐಎಸ್‌ಒ ಸರ್ಟಿಫಿಕೇಟ್ ಇದೆ, ಸಾಕಲ್ವಾ? (ಅರಸೀಕೆರೆ)

ಸಾಲದು. ಅದಕ್ಕೂ ನರ್ಸ್ ನೋಂದಣಿಗೂ ಸಂಬಂಧವೇ ಇಲ್ಲ.

ಪ್ರಶ್ನೆ: ಒಂದು ವರ್ಷದ ನರ್ಸಿಂಗ್ ಕೋರ್ಸ್ ಮಾಡಿದರೆ ಸ್ಟಾಫ್ ನರ್ಸ್ ಆಗಬಹುದಾ? (ಮೂಡಿಗೆರೆ)

ಆಗುವುದಿಲ್ಲ. ಅದು ಸಹಾಯಕರ ತರಬೇತಿ, ಆ ಕೆಲಸಕ್ಕೂ ಗೌರವ ಇದೆ. ‘ನರ್ಸಿಂಗ್’ ಅಂತ ಹೆಸರಿಟ್ಟು ಲಕ್ಷ ಕೇಳುವವರು ಮೋಸಗಾರರು.

ಪ್ರಶ್ನೆ: ಹೊರರಾಜ್ಯದ ಖಾಸಗಿ ವಿಶ್ವವಿದ್ಯಾಲಯದ ಬಿಎಸ್ಸಿ ನರ್ಸಿಂಗ್, ಕ್ಲಾಸಿಗೆ ಹೋಗಬೇಕಿಲ್ಲ, ಪರೀಕ್ಷೆ ಹಾಸನದಲ್ಲೇ ಅಂತೆ. (ಹೊಳೆನರಸೀಪುರ)

ಅದು ನರ್ಸಿಂಗ್ ಅಲ್ಲ, ಕಾಗದದ ವ್ಯಾಪಾರ. ಅವರ ನಂಬರ್ ಬ್ಲಾಕ್ ಮಾಡಿ.

ಪ್ರಶ್ನೆ: ಮುಂದೆ ಜರ್ಮನಿಗೆ ಹೋಗಬೇಕು, ಯಾವ ಕಾಲೇಜು ಒಳ್ಳೆಯದು? (ಚಿಕ್ಕಮಗಳೂರು)

ಇಲ್ಲಿ ನೋಂದಣಿ ಆಗುವ ಯಾವುದಾದರೂ ಒಳ್ಳೆ ಕಾಲೇಜು, ಜೊತೆಗೆ ಬಿ2 ಮಟ್ಟದ ಜರ್ಮನ್ ಭಾಷೆ. ವಿದೇಶದವರು ನಿಮ್ಮ ಅಂಕಪಟ್ಟಿಯನ್ನು ಕಾಲೇಜು, ಕೌನ್ಸಿಲ್‌ಗಳಿಂದ ನೇರವಾಗಿ ಪರಿಶೀಲಿಸುವುದುಂಟು, ಹಾಗಾಗಿ ಮೇಲಿನ ಉತ್ತರ ಇನ್ನೊಮ್ಮೆ ಓದಿ. ‘ವೀಸಾ ಗ್ಯಾರಂಟಿ’ ಅನ್ನುವ ಕಾಲೇಜಿನ ಕಡೆ ಸುಳಿಯಬೇಡಿ.

ಪ್ರಶ್ನೆ: ಗಂಡು ಹುಡುಗರು ನರ್ಸಿಂಗ್ ಓದಬಹುದಾ? (ಆಲೂರು)

ಓದಬಹುದು. ಬಿಎಸ್ಸಿ, ಜಿಎನ್‌ಎಂ ಎರಡೂ. ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ಕೋರ್ಸ್) ಮಾತ್ರ ಹೆಣ್ಣುಮಕ್ಕಳಿಗೆ.